ಆಗ್ರಹವೋ ಕೋರಿಕೆಯೋ: ಒಂದು ನಿರ್ಣಯದ ಕರಡು

ಸಮ್ಮೇಳನದ ಸಮಾರೋಪದಲ್ಲಿ ಮಂಡಿಸುವ ನಿರ್ಣಯದ ಕರಡನ್ನು ಸಿದ್ಧಪಡಿಸುವ ಹೊಣೆ ಈ ವರ್ಷ ನಮ್ಮ ಪಾಲಿಗೆ ಬಂತು. ನಿರ್ಣಯದಲ್ಲಿ ಹೇಳಬೇಕಾದ ಸಂಗತಿ ದೀರ್ಘವಾದುದೇನಲ್ಲ. ಆದವಾನಿ, ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳಂ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ತೆರವಾದ ಶಿಕ್ಷಕರ ಜಾಗಗಳನ್ನು ಕನ್ನಡ ಬಲ್ಲವರಿಂದಲೇ ತುಂಬಬೇಕು. ಶಾಲೆ ತೆರೆಯುವ ಹೊತ್ತಿಗೆ ಕನ್ನಡ ಪಠ್ಯಪುಸ್ತಕಗಳು ಮಕ್ಕಳ ಕೈಸೇರಬೇಕು. ಇಷ್ಟನ್ನು ಬರೆಯಲು ನಮಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಆದರೆ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಆ ಕ್ರಿಯಾಪದದ ಬಳಿ ನಾವು ನಿಂತುಬಿಟ್ಟೆವು. ‘ಎಂದು ಈ ಸಭೆಯು’ ಎಂಬಲ್ಲಿಗೆ ಬಂದು ನಾಲ್ಕು ಸಂಜೆಗಳನ್ನು ಕಳೆದೆವು. ಆ ನಾಲ್ಕು ಸಂಜೆಗಳ ಕಥೆಯನ್ನು ಸಂಘದ ಬಂಧುಗಳ ಮುಂದೆ ಇಡುವುದು ಯುಕ್ತವೆಂದು ತೋರಿತು. ಏಕೆಂದರೆ ಸಮಾರೋಪದಲ್ಲಿ ಕೈಯೆತ್ತಿ ಅನುಮೋದಿಸಬೇಕಾದವರು ತಾವೇ.

ನಮ್ಮ ಹಿಂಜರಿಕೆಗೆ ಹಳೆಯ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಇದೇ ವಿಷಯದ ಮೇಲೆ ನಾವು ಒಂದು ನಿರ್ಣಯ ಮಾಡಿದ್ದೆವು. ಅಂದು ಕನ್ನಡ ಪ್ರತಿಯಲ್ಲಿ ‘ಆಗ್ರಹಿಸುತ್ತದೆ’ ಎಂದಿತ್ತು. ಕನ್ನಡ ಪತ್ರಿಕೆ ಓದುವವರಿಗೆ ಇದು ದಿನನಿತ್ಯದ ಪದ. ರಸ್ತೆ ದುರಸ್ತಿಗೆ ಆಗ್ರಹ, ಬೆಂಬಲ ಬೆಲೆಗೆ ಆಗ್ರಹ, ಬಸ್ಸಿಗೆ ಆಗ್ರಹ. ಅಂದರೆ ಒತ್ತಾಯದ ಬೇಡಿಕೆ, ಅದಕ್ಕಿಂತ ಹೆಚ್ಚೇನಿಲ್ಲ. ಕಚೇರಿಗೆ ತೆಲುಗು ಪ್ರತಿ ಬೇಕಿತ್ತು. ಅನುವಾದದ ಭಾರ ಹೊತ್ತ ನಾವು, ಸಂಸ್ಕೃತ ಪದಗಳು ಎರಡು ಭಾಷೆಗಳಿಗೂ ಸಮಾನವೆಂಬ ಧೈರ್ಯದಿಂದ, ಅದನ್ನು ಹಾಗೆಯೇ ತೆಲುಗಿಗೆ ದಾಟಿಸಿದೆವು. ತೆಲುಗಿನಲ್ಲಿ ‘ಆಗ್ರಹಂ’ ಎಂದರೆ ಕೋಪ. ನಮ್ಮ ಸಂಘವು ಸರಕಾರದ ಮೇಲೆ ಕೆರಳಿ ನಿಂತಿದೆ ಎಂಬ ಅರ್ಥದ ಕಾಗದವನ್ನು ಕೈಮುಗಿದು ಕೊಟ್ಟು ಬಂದೆವು. ಅದನ್ನು ಓದಿದ ಅಧಿಕಾರಿಯ ಮುಖ ಬಾಡಿದ್ದು ನಮಗೆ ಅಂದು ಅರ್ಥವಾಗಲಿಲ್ಲ. ಅದೇ ಕಾಗದದಲ್ಲಿ ತೆಲುಗಿನ ಪ್ರಭಾವದಿಂದ ನಮ್ಮ ಕನ್ನಡ ಪ್ರತಿಯೂ ಕೆಟ್ಟಿತ್ತು: ‘ಶಿಕ್ಷಕರ ಅವಸರವಿದೆ’ ಎಂದು ಬರೆದಿದ್ದೆವು. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ, ಕನ್ನಡದಲ್ಲಿ ಆತುರ, ಹಿಂದಿಯವರಿಗೆ ಅದೇ ಪದ ಸದವಕಾಶ. ಬಳ್ಳಾರಿಯ ಮಿತ್ರರೊಬ್ಬರು ಅದನ್ನು ಓದಿ, ಶಿಕ್ಷಕರಿಗೆ ಎಲ್ಲಿಗೆ ಹೋಗುವ ಅವಸರವೆಂದು ಕೇಳಿದರು. ನಕ್ಕೆವು. ಒಳಗೊಳಗೆ ನಾಚಿಕೆಯಾಯಿತು.

ಬುದ್ಧಿ ಕಲಿತ ನಾವು ಮುಂದಿನ ಸಲ ‘ವಿನಮ್ರವಾಗಿ ಮನವಿ ಮಾಡಿಕೊಳ್ಳುತ್ತದೆ’ ಎಂದು ಬರೆದೆವು. ಯಾರ ಮುಖವೂ ಬಾಡಲಿಲ್ಲ. ಕಾಗದಕ್ಕೆ ಮೊಹರು ಬಿತ್ತು, ಸಂಖ್ಯೆ ಬಿತ್ತು, ಆಮೇಲೆ ಏನೂ ಆಗಲಿಲ್ಲ.

ಆದ್ದರಿಂದ ಈ ಸಲದ ಮೊದಲ ಸಂಜೆ ನಮ್ಮ ನಡುವೆ ಎರಡು ಪಕ್ಷಗಳಾದವು. ನಿವೃತ್ತ ಕನ್ನಡ ಮೇಷ್ಟರು ‘ಆಗ್ರಹ’ವೇ ಇರಲಿ ಎಂದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅವರು ಚಿಕ್ಕ ಹುಡುಗ. ಅಂದಿನವರೆಗೆ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯವು. ಅಂದು ಈ ಮೂರು ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಸೇರಿತು. ಬಳ್ಳಾರಿ ತಾಲ್ಲೂಕಿನ ಭವಿಷ್ಯವನ್ನು ಪರಿಶೀಲಿಸಲು ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗ ಕುಳಿತದ್ದನ್ನೂ, ನಮ್ಮ ತಾಲ್ಲೂಕುಗಳಿಗೆ ಅಂಥ ಆಯೋಗ ಕೂರದಿದ್ದುದನ್ನೂ ಮೇಷ್ಟರು ಪ್ರತಿ ಸಭೆಯಲ್ಲಿ ಹೇಳುತ್ತಾರೆ. ನಾವು ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ರಾಜ್ಯವೇ ನಮ್ಮ ಮೇಲೆ ಬಂತು. ಹಾಗಿರುವಾಗ ನಮ್ಮನ್ನು ಹೊರನಾಡ ಕನ್ನಡಿಗರೆಂದು ಕರೆಯಬೇಡಿ ಎಂಬುದು ಅವರ ಇನ್ನೊಂದು ಹಳೆಯ ತಕರಾರು.

‘ಆಗ್ರಹ’ದ ಪರವಾಗಿ ಅವರು ಮುಂದಿಟ್ಟ ವಾದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸತ್ಯಾಗ್ರಹದಲ್ಲಿರುವುದು ಇದೇ ಆಗ್ರಹವಲ್ಲವೇ? ಬಿಗಿಯಾಗಿ ಹಿಡಿಯುವುದು ಎಂದಲ್ಲವೇ ಅದರ ಮೂಲಾರ್ಥ? ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರಿಗೂ ತಮ್ಮ ಹೋರಾಟಕ್ಕೆ ಬಳಕೆಯಲ್ಲಿದ್ದ ಇಂಗ್ಲಿಷ್ ಹೆಸರು ಹಿಡಿಸಲಿಲ್ಲ. ಅದರಲ್ಲಿ ದುರ್ಬಲರ ಉಪಾಯವೆಂಬ ಧ್ವನಿಯಿತ್ತು. ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಹೊಸ ಹೆಸರಿಗಾಗಿ ಓದುಗರನ್ನು ಕೇಳಿದರು. ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ವೆಂದರು, ಗಾಂಧೀಜಿ ಅದನ್ನು ‘ಸತ್ಯಾಗ್ರಹ’ವೆಂದು ತಿದ್ದಿದರು. ‘ತೆಲುಗರೂ ಅದನ್ನು ಸತ್ಯಾಗ್ರಹಂ ಅಂತಲೇ ಅಂತಾರೆ. ಅದರಾಗ ಸಿಟ್ಟು ಎಲ್ಲೈತಿ ತೋರಿಸ್ರಿ’ ಎಂದು ಮೇಷ್ಟರು ಮೇಜು ಬಡಿದರು. ವಾದ ಸರಿಯಾದುದೇ. ಆದರೆ ಕಾಗದ ಓದುವ ಗುಮಾಸ್ತನಿಗೆ ವ್ಯುತ್ಪತ್ತಿ ಬೇಕಿಲ್ಲ.

ಎರಡನೆಯ ಸಂಜೆ ಜಪಾನ್ ನಮ್ಮ ಸಭೆಗೆ ಬಂದದ್ದು ಆಕಸ್ಮಿಕವಾಗಿ. ಕಾರ್ಯದರ್ಶಿಗಳ ತಂಗಿಯ ಮಗಳು ಕೆಲವು ವರ್ಷಗಳಿಂದ ಅಲ್ಲಿ ನೌಕರಿಯಲ್ಲಿದ್ದಾಳೆ, ಅಲ್ಲಿಯ ಭಾಷೆ ಕಲಿತಿದ್ದಾಳೆ. ರಜೆಯ ಮೇಲೆ ಬಂದವಳು ಮಾವನ ಕನ್ನಡಕ ಕೊಡಲೆಂದು ಬಂದು, ನಮ್ಮ ಜಗಳ ಕೇಳುತ್ತ ಕುಳಿತಳು. ಮನವಿಗೆ ಕಚೇರಿಯಿಂದ ಉತ್ತರವೇ ಬರಲಿಲ್ಲವೆಂದು ನಾವು ಹೇಳಿದಾಗ, ‘ಮಾವ, ಇದಕ್ಕೆ ಅವರಲ್ಲಿ ಒಂದು ಪದವೇ ಇದೆ’ ಎಂದಳು. ಆ ಪದ ‘ಮೊಕುಸಾತ್ಸು’. ಮೊಕು ಎಂದರೆ ಮೌನ, ಸಾತ್ಸು ಎಂದರೆ ಕೊಲ್ಲುವುದು. ಮೌನದಿಂದ ಕೊಲ್ಲುವುದು! ಮೇಷ್ಟರು ಆ ಪದವನ್ನು ಎರಡು ಸಲ ಹೇಳಿಸಿಕೊಂಡು ಡೈರಿಯಲ್ಲಿ ಬರೆದುಕೊಂಡರು.

ಆ ಪದಕ್ಕೊಂದು ಭಯಂಕರ ಚರಿತ್ರೆಯಿದೆ. 1945ರ ಜುಲೈ 26ರಂದು ಮಿತ್ರರಾಷ್ಟ್ರಗಳು ಪಾಟ್ಸ್‌ಡ್ಯಾಮ್ ಘೋಷಣೆಯನ್ನು ಹೊರಡಿಸಿ, ಜಪಾನ್ ಬೇಷರತ್ತಾಗಿ ಶರಣಾಗಬೇಕೆಂದವು. ಜಪಾನಿನ ಮಂತ್ರಿಮಂಡಲದಲ್ಲಿ ಒಮ್ಮತವಿರಲಿಲ್ಲ. ಸಂಧಾನದ ಬಾಗಿಲು ಮುಚ್ಚಬಾರದು ಎನ್ನುವವರೂ ಇದ್ದರು, ಸೈನ್ಯದ ಕಡೆಯಿಂದ ಒತ್ತಡವೂ ಇತ್ತು. ಜುಲೈ 28ರಂದು ಪ್ರಧಾನಿ ಸುಜುಕಿ ಕಂತಾರೋ ಪತ್ರಕರ್ತರ ಮುಂದೆ ಈ ಪದವನ್ನು ಬಳಸಿದರು. ಸದ್ಯಕ್ಕೆ ಏನೂ ಹೇಳುವುದಿಲ್ಲ ಎಂದೂ ಅದಕ್ಕೆ ಅರ್ಥ ಹಚ್ಚಬಹುದು. ತಿರಸ್ಕಾರದಿಂದ ಕಡೆಗಣಿಸುತ್ತೇವೆ ಎಂದೂ ಹಚ್ಚಬಹುದು. ಹೊರಗಿನ ಜಗತ್ತಿಗೆ ತಲುಪಿದ್ದು ಎರಡನೆಯದು. ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ.

ಒಂದು ಪದವನ್ನು ತಪ್ಪಾಗಿ ಅನುವಾದಿಸಿದ್ದರಿಂದ ಎರಡು ನಗರಗಳು ಸುಟ್ಟುಹೋದವು ಎಂದು ಈ ಕಥೆಯನ್ನು ಭಾಷಣಗಳಲ್ಲಿ ಹೇಳುವುದುಂಟು. ನಾವೂ ಹಾಗೆಯೇ ಕೇಳಿದ್ದೆವು, ಅನುವಾದಕರಾದ ನಮಗೆ ಆ ಕಥೆ ಪ್ರಿಯವೂ ಆಗಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಸುಜುಕಿ ಆ ಒಂದು ಪದ ನುಡಿದು ಸುಮ್ಮನಾಗಲಿಲ್ಲ. ಘೋಷಣೆಗೆ ದೊಡ್ಡ ಬೆಲೆಯಿಲ್ಲವೆಂದರು, ಯುದ್ಧವನ್ನು ಮುಂದುವರಿಸುವುದಾಗಿಯೂ ಹೇಳಿದರು. ಅತ್ತ ಅಮೆರಿಕದಲ್ಲಿ ಬಾಂಬು ಹಾಕುವ ಆಜ್ಞೆಗೆ ಜುಲೈ 25ರಂದೇ, ಅಂದರೆ ಪಾಟ್ಸ್‌ಡ್ಯಾಮ್ ಘೋಷಣೆ ಹೊರಡುವ ಮುಂಚಿನ ದಿನವೇ, ಸಹಿ ಬಿದ್ದಿತ್ತು. ಆದಕಾರಣ ಎಲ್ಲ ಪಾಪವನ್ನೂ ಅನುವಾದಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡರ್ಥದ ಪದವನ್ನು ಆರಿಸಿದವರಿಗೆ ಎರಡರ್ಥವೇ ಬೇಕಿತ್ತು: ಮನೆಯೊಳಗಿನ ಸೇನಾನಿಗಳಿಗೆ ಒಂದು, ಹೊರಗಿನವರಿಗೆ ಮತ್ತೊಂದು. ಹೊರಗಿನವರಿಗೂ ಮೊದಲನೆಯದೇ ಕೇಳಿಸಿತು.

ಇದನ್ನು ಕೇಳಿ ನಮ್ಮ ಮನಸ್ಸಿಗೆ ಕಸಿವಿಸಿಯಾಯಿತು. ಕಾರಣ, ಆ ಸಂಜೆ ನಾವು ಒಳಗೊಳಗೆ ಅಂಥದೇ ಒಂದು ಉಪಾಯ ಹೂಡಿದ್ದೆವು. ಕನ್ನಡ ಪ್ರತಿಯಲ್ಲಿ ಮೇಷ್ಟರ ಸಮಾಧಾನಕ್ಕೆ ‘ಆಗ್ರಹ’ ಇರಲಿ, ತೆಲುಗು ಪ್ರತಿಯಲ್ಲಿ ಕಚೇರಿಯ ಸಮಾಧಾನಕ್ಕೆ ‘ವಿಜ್ಞಪ್ತಿ’ ಇರಲಿ. ಎರಡನ್ನೂ ಪಕ್ಕದಲ್ಲಿಟ್ಟು ಓದುವವರು ಯಾರು?

ಆ ಉಪಾಯವನ್ನು ಅಲ್ಲಿಗೇ ಬಿಟ್ಟೆವು. ಮೂರನೆಯ ಸಂಜೆ ಹುಡುಗಿಯನ್ನು ನಾವಾಗಿಯೇ ಕರೆಸಿದೆವು. ಅಂದು ಅವಳು ಹೇಳಿದ ಸಂಗತಿ ಮೃದು ಪದದ ಪಕ್ಷದಲ್ಲಿದ್ದ ನಮ್ಮನ್ನು ಇನ್ನಷ್ಟು ಅಲ್ಲಾಡಿಸಿತು. 1972ರ ಸೆಪ್ಟೆಂಬರ್ 25ರಂದು ಜಪಾನಿನ ಪ್ರಧಾನಿ ತನಾಕಾ ಕಾಕುಯೇ ಚೀನದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಳೆಸಲು ಬೀಜಿಂಗಿಗೆ ಹೋದರು. ಆ ರಾತ್ರಿಯ ಔತಣಕೂಟದ ಭಾಷಣದಲ್ಲಿ, ಯುದ್ಧಕಾಲದಲ್ಲಿ ಚೀನದ ಜನರಿಗೆ ತಮ್ಮ ದೇಶದಿಂದ ಬಹಳ ‘ಮೇಯ್ವಾಕು’ ಆಯಿತೆಂದರು. ಜಪಾನಿನಲ್ಲಿ ಇದು ದೊಡ್ಡ ತಪ್ಪಿಗೂ ಚಿಕ್ಕ ತಪ್ಪಿಗೂ ಬಳಕೆಯಾಗುವ ಪದ. ವಿನಯದಿಂದ ತಲೆಬಾಗಿ ಹೇಳಿದರೆ ಕ್ಷಮೆಯೇ ಆಗಬಲ್ಲದು. ಚೀನೀ ಭಾಷೆಯಲ್ಲಿ ಅದು ‘ಮಾಫಾನ್’ ಆಗಿ ಬಂತು; ಅಂದರೆ ಕಿರಿಕಿರಿ, ತೊಂದರೆ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ, ‘ನಿಮಗೆ ಬಾಳ ತ್ರಾಸ ಕೊಟ್ವಿ’ ಎಂದಂತೆ. ಲಕ್ಷಗಟ್ಟಲೆ ಜನ ಸತ್ತ ಯುದ್ಧಕ್ಕೆ ಈ ಮಾತು! ಮರುದಿನ ಪ್ರಧಾನಿ ಚೌ ಎನ್ ಲೈ ಅದನ್ನು ನೇರವಾಗಿ ಆಕ್ಷೇಪಿಸಿದರು: ದಾರಿಯಲ್ಲಿ ಹೆಂಗಸಿನ ಉಡುಪಿಗೆ ನೀರು ಸಿಡಿದರೆ ಹೇಳುವ ಮಾತಲ್ಲವೇ ಇದು ಎಂದರು. ಮಾತುಕತೆ ಮುರಿಯಲಿಲ್ಲ. ಸೆಪ್ಟೆಂಬರ್ 29ರ ಜಂಟಿ ಪ್ರಕಟಣೆಯಲ್ಲಿ, ಜಪಾನ್ ತನ್ನ ಹೊಣೆಯನ್ನು ತೀವ್ರವಾಗಿ ಮನಗಂಡಿದೆ, ಆಳವಾಗಿ ‘ಹಾನ್ಸೆ’ ಮಾಡುತ್ತದೆ ಎಂದು ಬಂತು.

‘ಹಾನ್ಸೆ’ ಎಂದರೆ ತನ್ನನ್ನು ತಾನು ಹಿಂದಿರುಗಿ ನೋಡಿಕೊಳ್ಳುವುದು. ಜಪಾನಿನ ಶಾಲೆಗಳಲ್ಲಿ ಮಕ್ಕಳಿಗೂ ಇದನ್ನು ಕಲಿಸುತ್ತಾರಂತೆ. ಪಶ್ಚಾತ್ತಾಪಕ್ಕೆ ಹತ್ತಿರ, ಕ್ಷಮೆಯಾಚನೆಗೆ ಸ್ವಲ್ಪ ದೂರ. ಕ್ಷಮೆ ಕೇಳುವುದಕ್ಕೆ ಬೇರೆ ಪದವಿದೆ: ‘ಒವಾಬಿ’. ಯುದ್ಧ ಮುಗಿದು ಐವತ್ತು ವರ್ಷವಾದ 1995ರಲ್ಲಿ ಜಪಾನಿನ ಸಂಸತ್ತಿನ ಕೆಳಮನೆ ಜೂನ್ ತಿಂಗಳಲ್ಲಿ ಮಾಡಿದ ನಿರ್ಣಯದಲ್ಲಿ ‘ಹಾನ್ಸೆ’ ಇತ್ತು, ‘ಒವಾಬಿ’ ಇರಲಿಲ್ಲ. ಅದೇ ವರ್ಷದ ಆಗಸ್ಟ್ 15ರಂದು ಪ್ರಧಾನಿ ಮುರಾಯಾಮ ತಮ್ಮ ಹೇಳಿಕೆಯಲ್ಲಿ ಎರಡನ್ನೂ ಹೇಳಿದರು. ಎರಡು ತಿಂಗಳಲ್ಲಿ ಸೇರಿದ್ದು ಒಂದು ಪದ. ಅದಕ್ಕೆ ಐವತ್ತು ವರ್ಷ ಹಿಡಿದಿತ್ತು ಎಂದರೂ ಸಲ್ಲುತ್ತದೆ. ಆನಂತರದ ಪ್ರಧಾನಿಗಳ ಹೇಳಿಕೆ ಹೊರಬಿದ್ದಾಗಲೆಲ್ಲ ನೆರೆಯ ದೇಶಗಳವರು ಮೊದಲು ಹುಡುಕಿದ್ದು ಆ ಪದ ಇದೆಯೋ ಇಲ್ಲವೋ ಎಂಬುದನ್ನೇ.

ನಮಗೆ ಹೆಚ್ಚು ನಾಟಿದ್ದು ಇನ್ನೊಂದು ಪ್ರಸಂಗ. 1945ರ ಆಗಸ್ಟ್ 15ರ ಮಧ್ಯಾಹ್ನ ಚಕ್ರವರ್ತಿಯ ಧ್ವನಿಯನ್ನು ಜಪಾನಿನ ಜನ ಮೊದಲ ಸಲ ರೇಡಿಯೋದಲ್ಲಿ ಕೇಳಿದರು. ಆ ಶಾಸನದ ಪದಗಳ ಮೇಲೆ ಮಂತ್ರಿಮಂಡಲ ಹಿಂದಿನ ದಿನ ಗಂಟೆಗಟ್ಟಲೆ ಕಚ್ಚಾಡಿತ್ತು. ಯುದ್ಧದ ಸ್ಥಿತಿ ದಿನೇದಿನೇ ಕೆಡುತ್ತಿದೆ ಎಂಬ ಅರ್ಥದ ಮಾತು ಕರಡಿನಲ್ಲಿತ್ತು. ಯುದ್ಧಮಂತ್ರಿ ಅನಾಮಿ ಅದನ್ನು ಒಪ್ಪಲಿಲ್ಲ. ಕೊನೆಗೆ, ಸ್ಥಿತಿಯು ಸುಧಾರಿಸಿದೆ ಎನ್ನಲಾಗದು ಎಂಬಂಥ ಸುತ್ತುಮಾತು ಬಂದು ಕುಳಿತಿತು. ಶರಣಾಗತಿ ಎಂಬ ಪದ ಇಡೀ ಶಾಸನದಲ್ಲಿ ಎಲ್ಲಿಯೂ ಇಲ್ಲ. ಭಾಷೆಯೋ, ನಮ್ಮ ಹಳಗನ್ನಡದಂತೆ, ಆಸ್ಥಾನದ ಪ್ರೌಢ ಭಾಷೆ. ರೇಡಿಯೋದ ಸುತ್ತ ತಲೆಬಾಗಿ ನಿಂತವರಲ್ಲಿ ಅನೇಕರಿಗೆ ಗೆದ್ದೆವೋ ಸೋತೆವೋ ತಿಳಿಯಲಿಲ್ಲ. ಉದ್ಘೋಷಕರು ಮತ್ತೆ ಓದಿ ವಿವರಿಸಬೇಕಾಯಿತು. ನಮ್ಮ ಹಿಂದಿನ ನಿರ್ಣಯಗಳನ್ನು ತೆಗೆದು ನೋಡಿದೆವು. ‘ಸದರಿ ವಿಷಯದ ಗಂಭೀರತೆಯನ್ನು ಪರಿಗಣಿಸಿ ಸೂಕ್ತ ಕ್ರಮ ಜರುಗಿಸುವಂತೆ’ ಎಂದೆಲ್ಲ ಬರೆದಿದ್ದೇವೆ. ಯಾವ ಶಾಲೆ, ಎಷ್ಟು ಜಾಗ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಹೊಳಗುಂದದ ತಾಯಿಯೊಬ್ಬಳು ಅದನ್ನು ಓದಿದರೆ ತನ್ನ ಮಗನ ಶಾಲೆಯ ಸುದ್ದಿಯೆಂದು ಅವಳಿಗೆ ತಿಳಿಯುವಂತಿಲ್ಲ.

‘ತಾತ, ಅಲ್ಲಿಯ ಆಫೀಸುಗಳಲ್ಲಿ ಕೆಂತೋ ಶಿಮಾಸು ಅಂತಾರೆ. ಪರಿಶೀಲಿಸ್ತೀವಿ ಅಂತ ಅರ್ಥ. ಹಾಗಂದರೆ ಸಾಮಾನ್ಯವಾಗಿ ಆಗೋದಿಲ್ಲ ಅಂತಲೇ ತಿಳ್ಕೋಬೇಕು’ ಎಂದಳು ಹುಡುಗಿ. ‘ಅದಕ್ಕ ಜಪಾನಿಗೆ ಯಾಕ ಹೋಗ್ಬೇಕವ್ವಾ’ ಎಂದರು ಮೇಷ್ಟರು. ಅಂದಿನ ಸಭೆ ನಗೆಯಲ್ಲಿ ಮುಗಿಯಿತು, ಕ್ರಿಯಾಪದ ಮುಗಿಯಲಿಲ್ಲ.

ನಾಲ್ಕನೆಯ ಸಂಜೆ ನಾವು ಬೇರೆ ದಾರಿ ಹಿಡಿದೆವು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಒಂದೇ ಅರ್ಥ ಕೊಡುವ, ಒಂದೇ ತೂಕದ ಪದ ಯಾವುದು? ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಹತ್ತಿಯ ಮಾರುಕಟ್ಟೆಯಲ್ಲಿ ಎರಡರ ಜೊತೆಗೆ ಉರ್ದು ಆಡುವ ಊರು ನಮ್ಮದು. ಬೇಕಾದ ಪದ ನಿಘಂಟಿಗಿಂತ ಬೀದಿಯಲ್ಲಿಯೇ ಇರಬೇಕು. ಮೊದಲು ಸಿಕ್ಕದ್ದು ‘ಕೋರು’. ಕನ್ನಡದಲ್ಲಿ ಕೋರುತ್ತೇವೆ, ತೆಲುಗಿನಲ್ಲಿ ಕೋರುತುನ್ನಾಮು. ಮುಖ ಬಾಡಿಸುವ ಪದವಲ್ಲ, ಕಾಲಿಗೆ ಬೀಳುವ ಪದವೂ ಅಲ್ಲ. ಮೇಷ್ಟರು ಮುಖ ತಿರುಗಿಸಿದರು: ಯುಗಾದಿಗೆ ಶುಭ ಕೋರುತ್ತೇವೆ, ಅತಿಥಿಗಳಿಗೆ ಸ್ವಾಗತ ಕೋರುತ್ತೇವೆ, ಶಾಲೆಯನ್ನೂ ಅದೇ ಬಾಯಲ್ಲಿ ಕೋರುವುದೇ? ಅದೂ ನಿಜವೇ. ಮೇಯ್ವಾಕುವಿನ ಗತಿ ನಮಗೂ ಬಂದೀತು.

ಆಗ ನಮಗೆ ಹೊಳೆಯಿತು, ಬಲವನ್ನೆಲ್ಲ ಕ್ರಿಯಾಪದದಲ್ಲಿಯೇ ತುಂಬಬೇಕೆಂದೇನೂ ಇಲ್ಲ. ನಾಮಪದದಲ್ಲಿಯೂ ಇಡಬಹುದು. ‘ಹಕ್ಕು’ ಎಂಬ ಪದ ಕನ್ನಡದಲ್ಲಿ ಹಕ್ಕು, ತೆಲುಗಿನಲ್ಲಿಯೂ ಹಕ್ಕು. ಮೂಲ ಅರಬ್ಬಿಯಿಂದ ಬಂದದ್ದು, ಉರ್ದುವಿನಲ್ಲಿ ಹಕ್. ಸಿದ್ದಿ ಮಸೂದ್ ಖಾನನ ಕೋಟೆಯ ಊರಿನಲ್ಲಿ ಈ ಪದಕ್ಕೆ ಅನುವಾದಕ ಬೇಕಿಲ್ಲ.

ಇಲ್ಲಿಯೂ ಒಂದು ತೊಡಕು ಬಂತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ವಕೀಲರಾದ ಸದಸ್ಯರೊಬ್ಬರು ಸಂವಿಧಾನವನ್ನು ತೆರೆದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯವನ್ನು ಹೇಳುವುದು 350ಎ ವಿಧಿ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು. ಆದರೆ ಅಲ್ಲಿ ಹಕ್ಕು ಎಂಬ ಪದವಿಲ್ಲ. ರಾಜ್ಯವು ಪ್ರಯತ್ನಿಸತಕ್ಕದ್ದು ಎಂದಿದೆ. ಅಲ್ಲಿಯೂ ಯಾರೋ ಮೃದು ಪದದ ಪಕ್ಷದವರು ಗೆದ್ದಿದ್ದಾರೆ! ಹಕ್ಕು ಎಂಬ ಪದ ಇರುವುದು 29ನೆಯ ವಿಧಿಯಲ್ಲಿ: ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಯಾವುದೇ ಪೌರವರ್ಗಕ್ಕೆ ಅದನ್ನು ಕಾಪಾಡಿಕೊಳ್ಳುವ ಹಕ್ಕಿದೆ. ಹಾಗಾಗಿ ಎರಡನ್ನೂ ಜೋಡಿಸಿ ಬರೆಯಬೇಕಾಯಿತು. ‘ಭಾಷಾ ಅಲ್ಪಸಂಖ್ಯಾತ’ ಎಂಬುದಕ್ಕೂ ಮೇಷ್ಟರ ತಕರಾರು ಇತ್ತು. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿ ನಮ್ಮದು, ರಾಯರ ಮಂತ್ರಾಲಯ ನಮ್ಮದು, ಇಲ್ಲಿ ನಾವು ‘ಅಲ್ಪ’ ಹೇಗಾದೆವು ಎಂದರು. ಗಡಿನಾಡ ಕನ್ನಡಿಗರು ಎಂದರೆ ಕೇಳಲು ಚೆನ್ನು, ನಾವೂ ಒಪ್ಪುತ್ತೇವೆ. ಆದರೆ ಗಡಿನಾಡು ಎಂಬ ಪದ ಸಂವಿಧಾನದಲ್ಲಿ ಇಲ್ಲ, ಯಾವ ಕಡತದ ಶಿರೋನಾಮೆಯಲ್ಲಿಯೂ ಕೂರುವುದಿಲ್ಲ. ಬಹಳ ಹೊತ್ತಿನ ಬಳಿಕ ಮೇಷ್ಟರು, ‘ಬರ್ಕೊಳ್ಳಿ. ನನ್ನ ಅಭಿಮಾನಕ್ಕಿಂತ ಹುಡುಗರ ಪಾಠ ದೊಡ್ಡದು’ ಎಂದರು. ಆ ಮಾತು ಅವರಿಗೆ ಸುಲಭವಾಗಿರಲಿಲ್ಲ.

ಈಗ ನಿರ್ಣಯ ಹೀಗಿದೆ: ‘ತಮ್ಮ ಭಾಷೆಯನ್ನೂ ಲಿಪಿಯನ್ನೂ ಕಾಪಾಡಿಕೊಳ್ಳುವುದು 29ನೆಯ ವಿಧಿಯಂತೆ ನಮ್ಮ ಹಕ್ಕು. ಆ ಹಕ್ಕು ನಮ್ಮ ಮಕ್ಕಳಿಗೆ ಶಾಲೆಯಲ್ಲಿಯೇ ಸಿಗಬೇಕು. 350ಎ ವಿಧಿಯಂತೆ, ಕೆಳಗೆ ಹೆಸರಿಸಿದ ಶಾಲೆಗಳಿಗೆ ಮುಂದಿನ ಶೈಕ್ಷಣಿಕ ವರ್ಷ ತೊಡಗುವ ಮೊದಲು ಕನ್ನಡ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದೂ ಪಠ್ಯಪುಸ್ತಕಗಳನ್ನು ತಲುಪಿಸಬೇಕೆಂದೂ ಈ ಸಭೆಯು ಕೋರುತ್ತದೆ.’ ಕೆಳಗೆ ಶಾಲೆಗಳ ಪಟ್ಟಿ, ಪ್ರತಿ ಶಾಲೆಯ ಮುಂದೆ ತೆರವಾದ ಜಾಗಗಳ ಸಂಖ್ಯೆ. ತೆಲುಗು ಪ್ರತಿಯೂ ಇದೇ ವಾಕ್ಯಗಳ ಪ್ರತಿ; ಹಕ್ಕು ಇದ್ದಲ್ಲಿ ಹಕ್ಕು, ಕೋರು ಇದ್ದಲ್ಲಿ ಕೋರು. ಈ ಸಲ ತೆಲುಗು ಮಾತೃಭಾಷೆಯ ಮಿತ್ರರೊಬ್ಬರಿಂದ ಓದಿಸಿ ನೋಡಿದ್ದೇವೆ. ಅವರು ಎಲ್ಲಿಯೂ ಹುಬ್ಬು ಗಂಟಿಕ್ಕಲಿಲ್ಲ, ಎಲ್ಲಿಯೂ ಕನಿಕರದ ನಗೆ ನಗಲಿಲ್ಲ. ‘ಹಕ್ಕು’ ಬಂದಲ್ಲಿ ಮಾತ್ರ ಒಮ್ಮೆ ನಿಂತು ನಮ್ಮ ಮುಖ ನೋಡಿದರು. ಅಷ್ಟು ಸಾಕೆಂದುಕೊಂಡೆವು.

ಕರಡಿಗೆ ಸಹಿ ಹಾಕುವಾಗ ಮೇಷ್ಟರು ಆದವಾನಿಯ ವೆಂಕಣ್ಣನ ಐತಿಹ್ಯ ನೆನೆದರು. ಓದು ಬಾರದ ಹುಡುಗನ ಕೈಗೆ ನವಾಬ ಪತ್ರವಿತ್ತು ಓದೆಂದ. ಹುಡುಗ ರಾಘವೇಂದ್ರ ಸ್ವಾಮಿಗಳನ್ನು ನೆನೆದ, ಅಕ್ಷರ ತಾನಾಗಿ ಒಲಿಯಿತು, ಮುಂದೆ ಅವನೇ ದಿವಾನನಾದ. ಮೇಷ್ಟರ ಮೊಮ್ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅವನು ಶಾಲೆಗೆ ಸೇರುವ ವರ್ಷ ಅವರ ಹಳ್ಳಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವವರಿರಲಿಲ್ಲ. ತಾತ ಮನೆಯಲ್ಲಿ ಕಲಿಸಲು ಹೊರಟರೆ ಹುಡುಗ ತೆಲುಗಿನ ತಲೆಕಟ್ಟು ಹಾಕುತ್ತಾನೆ.

ಸಮಾರೋಪದಲ್ಲಿ ಕನ್ನಡ ಪ್ರತಿಯನ್ನು ಮೇಷ್ಟರು ಓದಲಿದ್ದಾರೆ. ತೆಲುಗು ಪ್ರತಿಯನ್ನು ಅವರ ಮೊಮ್ಮಗ ಓದಬೇಕೆಂದು ಅವರೇ ಹೇಳಿದ್ದಾರೆ.